ಸೈಲೆನ್ಸರ್ ಆಮೇಲೆ, ಮೊದಲು ಬ್ರೇಕ್

ಜೇವರ್ಗಿಯಲ್ಲಿ ನನ್ನದು ಗಾಡಿ ಬಿಡಿಭಾಗಗಳ ಅಂಗಡಿ. ಹಾರ್ನ್, ಬಲ್ಬು, ಸೀಟ್ ಕವರು, ಗಿಯರ್ ನಾಬು ಮಾರಿಯೇ ಮನೆ ನಡೆಯುತ್ತದೆ. ಹೀಗಿದ್ದೂ ವ್ಯಾಪಾರಕ್ಕೆ ವಿರುದ್ಧವಾದ ಮಾತನ್ನು ಬರೆಯಲು ಕೂತಿದ್ದೇನೆ. ಹಳೇ ಸಣ್ಣ ಕಾರು ಕೊಂಡು ಅದನ್ನು ತಮ್ಮ ಕೈಯಾರೆ ತಯಾರು ಮಾಡಬೇಕೆನ್ನುವ ನಮ್ಮ ಹುಡುಗರ ಹುಚ್ಚು ಒಳ್ಳೆಯ ಹುಚ್ಚೇ. ರೊಕ್ಕ ಮಾತ್ರ ಕಣ್ಣಿಗೆ ಕಾಣುವ ಕಡೆಗೇ ಸುರಿಯುತ್ತಿದೆ. ಇದರಲ್ಲಿ ಕಾಯ್ದೆಯದೂ ಒಂದು ಪಾಲಿದೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗರ ಕಣ್ಣು ಬೀಳುವುದು ಮಾರುತಿ 800, ಝೆನ್, ಹಳೇ ಆಲ್ಟೊ, ಸ್ಯಾಂಟ್ರೊ, ಮೊದಲ ಸ್ವಿಫ್ಟ್ ಮೇಲೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ 800, 2014ರ ಜನವರಿವರೆಗೆ ತಯಾರಾಯಿತು. ಅದರ ಸಾಮಾನು ಇವತ್ತಿಗೂ ಸಿಗುತ್ತದೆ. ನನ್ನನ್ನು ಕೇಳಿದರೆ ಮಾತ್ರ ಝೆನ್. 1993ರಲ್ಲಿ ಬಂದು 2006ರಲ್ಲಿ ನಿಂತ ಗಾಡಿ. (ಝೆನ್ ಎಸ್ಟಿಲೊ ಬೇರೆಯದೇ ಗಾಡಿ, ಹೆಸರು ನೋಡಿ ಮೋಸ ಹೋಗಬೇಡಿ.) 993 ಸಿಸಿ ಇಂಜಿನ್, ತೂಕ ಸುಮಾರು ಏಳೂವರೆ ಕ್ವಿಂಟಲ್, ಅಂದರೆ ಐವತ್ತು ಕೆ.ಜಿ.ಯ ಹದಿನೈದು ಚೀಲ ತೊಗರಿಯಷ್ಟು. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗ ಇರುತ್ತದೆ. ಕೆಲಸ ಕಲಿಯುವವನಿಗೆ ಮೊದಲು ಬೇಕಾದದ್ದು ಅದೇ.

ನಮ್ಮ ಸೀಮೆಯ ಒಣ ಹವೆ ಹಳೇ ಕಾರಿಗೆ ಒಂದು ವರ. ಕರಾವಳಿಯಲ್ಲಿ ಓಡಿದ ಗಾಡಿಯ ತಳ ಜಂಗು ಹಿಡಿದು ಜಾಳಾಗಿರುತ್ತದೆ, ಇಲ್ಲಿಯದು ಅಷ್ಟಿಲ್ಲ. ಆದರೆ ಬಿಸಿಲು ಬೇರೆ ಲೆಕ್ಕ ಚುಕ್ತಾ ಮಾಡಿರುತ್ತದೆ. ರಬ್ಬರ್ ಬುಷ್, ಹೋಸ್ ಪೈಪು, ಬಾಗಿಲ ಬೀಡಿಂಗ್ ಎಲ್ಲ ಸೆಟೆದು ಸೀಳಿರುತ್ತವೆ. ಎರೆ ಹೊಲದ ಹಾದಿಯಲ್ಲಿ ತಿರುಗಿದ ಗಾಡಿಯಾದರೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಮಣ್ಣು ಮೆತ್ತಿಕೊಂಡು, ಮಳೆಗಾಲದಲ್ಲಿ ತೇವ ಹಿಡಿದು, ಅಲ್ಲಷ್ಟೇ ಜಂಗು ತಿಂದಿರುತ್ತದೆ. ಒಂದು ಆಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ಹಿಡಿಯದ ಕಡೆ ತಗಡಿಲ್ಲ, ಪುಟ್ಟಿ ಇದೆ. ತೊಗರಿ ಚೀಲದ ಪಕ್ಕ ನಿಂತ ಗಾಡಿಯಾಗಿದ್ದರೆ ಇಲಿ ವೈರು ಕಡಿದಿದೆಯೋ ಅದನ್ನೂ ನೋಡಿ.

ಗಡಿಯಾಚೆಯ ಗಾಡಿ ಅಗ್ಗ ಎಂದು ಅಕ್ಕಲಕೋಟ, ಉಮರ್ಗಾ ದಾರಿ ಹಿಡಿಯುವವರಿದ್ದಾರೆ. ಸೋಲಾಪುರ ಪಾಸಿಂಗ್ ಗಾಡಿ ತಂದು ವರ್ಷದ ಮೇಲೆ ಇಲ್ಲೇ ಓಡಿಸಿದರೆ ಎನ್‌ಒಸಿ ತರಿಸಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು, ಆಮೇಲೆ ನಮ್ಮ ಜಿಲ್ಲೆಯ ಕೆಎ 32 ನಂಬರು. ದಿಲ್ಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳೂ ಇತ್ತ ಬರುತ್ತಿವೆ, ಲೆಕ್ಕ ಅದೇ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಗಾಡಿಯ ದರ ಮಾತಾಡುವ ಮುಂಚೆ ಇದನ್ನೆಲ್ಲ ಕೂಡಿಸಿಕೊಳ್ಳಬೇಕು.

ಇನ್ನು ರೊಕ್ಕ ಎಲ್ಲಿ ಹೋಗುತ್ತದೆ ಅನ್ನುವ ಮಾತು. ಮೊನ್ನೆ ಒಬ್ಬ ಹುಡುಗ ಅಂಗಡಿಗೆ ಬಂದ.

"ಕಾಕಾ, ದಮ್ ಸೌಂಡ್ ಬರೋ ಸೈಲೆನ್ಸರ್ ಅದ ಏನ್ರಿ?"

"ನಿನ್ನ ಗಾಡಿ ಬ್ರೇಕ್ ಹ್ಯಾಂಗದಪಾ?"

"ಛಲೋ ಅದ ರೀ. ಎರಡು ಸರ್ತಿ ಪಂಪ್ ಮಾಡಿದ್ರ ಹಿಡೀತದ."

ಹಿಂದಿನ ಡ್ರಮ್ ಬಿಚ್ಚಿಸಿದೆ. ವೀಲ್ ಸಿಲಿಂಡರ್ ಸೋರಿ ಲೈನರು ಬ್ರೇಕ್ ಎಣ್ಣೆಯಲ್ಲಿ ತೊಯ್ದಿತ್ತು. ಡಬ್ಬಿಯಲ್ಲಿದ್ದ ಎಣ್ಣೆ ಚಹಾದ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಆ ಗಾಡಿಯದನ್ನು ಯಾರೂ ಮುಟ್ಟಿದಂತಿರಲಿಲ್ಲ. ಸಿಲಿಂಡರು, ಲೈನರು, ಎಣ್ಣೆ, ಮಜೂರಿ ಎಲ್ಲ ಸೇರಿದರೂ ಅವನು ಕೇಳಿದ ಸೈಲೆನ್ಸರಿನ ಬೆಲೆ ಆಗಲಿಲ್ಲ.

ಟಯರಿನದೂ ಇದೇ ಕಥೆ. ಗುಂಡಿ ಚೆನ್ನಾಗಿದೆ, ಟಯರು ಹೊಸದು ಅನ್ನುತ್ತಾರೆ. ಪಕ್ಕದಲ್ಲಿ ನಾಲ್ಕು ಅಂಕಿ ಬರೆದಿರುತ್ತದೆ: 2314 ಅಂದರೆ 2014ನೇ ಇಸವಿಯ 23ನೇ ವಾರ. ಅಂಥ ಟಯರನ್ನು ಬಿಸಿಲಲ್ಲಿ ನಂಬಬಾರದು. ಸ್ಪ್ರಿಂಗ್ ಕೊಯ್ಸಿ ಗಾಡಿ ತಗ್ಗಿಸುವವರಿಗಂತೂ ಏನು ಹೇಳುವುದು? ನಮ್ಮ ಊರೂರಿನ ಹಂಪುಗಳಿಗೆ ಇಂಜಿನ್ ಆಯಿಲ್ ಚೇಂಬರ್ ಬಡಿದು ಒಡೆದ ಮೇಲೆ ತಾವಾಗಿಯೇ ಹೊಸ ಸ್ಪ್ರಿಂಗ್ ಕೇಳಿಕೊಂಡು ಬರುತ್ತಾರೆ.

ಬೆಳಕಿನ ವಿಷಯದಲ್ಲಿ ಹುಡುಗರ ಪರ ನಾನು ಅರ್ಧ ಇದ್ದೇನೆ. ಕಬ್ಬು ನುರಿಸುವ ದಿನಗಳಲ್ಲಿ ಹವಳಗಾ, ಭೂಸನೂರ ಕಾರ್ಖಾನೆಗಳ ಕಡೆ ರಾತ್ರಿ ಹೋಗಿ ನೋಡಿ. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು, ಹಿಂದೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ, ಹಳದಿಗಟ್ಟಿದ ಹೆಡ್‌ಲೈಟಿಗೆ ಅದು ಕಾಣುವುದು ಹತ್ತಿರ ಬಂದ ಮೇಲೆಯೇ. ಹಾಗಂತ 60/55 ವ್ಯಾಟಿನ ಜಾಗದಲ್ಲಿ 100/90 ಬಲ್ಬು ತುರುಕಿದರೆ ಹೋಲ್ಡರು ಕರಗುತ್ತದೆ, ವೈರು ಸುಡುತ್ತದೆ, ಎದುರಿನವನಿಗೆ ಕಣ್ಣು ಕತ್ತಲೆ. ಗಾಜು ಪಾಲಿಶ್ ಮಾಡಿಸಿ, ರಿಲೇ ಹಾಕಿಸಿ, ಕಂಪನಿ ಅಳತೆಯದೇ ಹೊಸ ಬಲ್ಬು ಹಾಕಿಸಿದರೆ ಬೆಳಕು ತಾನಾಗಿ ಬರುತ್ತದೆ.

ಈಗ ಕಾಯ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ನಿರ್ದೇಶನಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೇರಿತು: ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು, ಗ್ಯಾಸ್ ಕಿಟ್‌ಗೆ ಮಂಜೂರಾತಿಯ ದಾರಿ ಇದೆ. ಓಣಿ ಎಬ್ಬಿಸುವ ಸೈಲೆನ್ಸರಿಗೆ ದಂಡ ಬೀಳಲಿ, ನನ್ನ ತಕರಾರಿಲ್ಲ. ಆದರೆ ಹಳೇ ಗಾಡಿಗೆ ಇನ್ನೂ ಗಟ್ಟಿಯಾದ ಬ್ರೇಕ್ ಕೂರಿಸಬೇಕೆನ್ನುವ ಹುಡುಗ ಯಾರನ್ನು ಕೇಳಬೇಕು? ಕೇಳಲು ತಾಲೂಕು ಮಟ್ಟದಲ್ಲಿ ಬಾಗಿಲೇ ಇಲ್ಲ. ಆದ್ದರಿಂದ ಅವನೂ ಸೈಲೆನ್ಸರಿನವನ ಸಾಲಿನಲ್ಲೇ ಕದ್ದು ನಿಲ್ಲುತ್ತಾನೆ.

15 ವರ್ಷದ ನವೀಕರಣಕ್ಕೆ ಗಾಡಿಯನ್ನು ಹೇಗೂ ಆರ್‌ಟಿಒ ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸುತ್ತೇವೆ. ಅದೇ ದಿನ ಬ್ರೇಕು, ಸಸ್ಪೆನ್ಷನ್, ದೀಪಗಳಲ್ಲಿ ಮಾಡಿದ ಸುಧಾರಣೆಯನ್ನೂ ಪರೀಕ್ಷಿಸಿ, ಸರಿಯಿದ್ದರೆ ಆರ್‌ಸಿಯಲ್ಲಿ ಬರೆದುಕೊಡುವ ಪದ್ಧತಿ ಬರಲಿ. ಐದು, ಹತ್ತು ಸಾವಿರ ತಗೊಂಡ ಮೇಲೆ ಗಾಡಿಯ ಕೆಳಗೆ ಒಂದು ಸರ್ತಿ ಬಗ್ಗಿ ನೋಡುವುದು ದೊಡ್ಡ ಕೆಲಸವೇನಲ್ಲ. ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸದೆ ಬಿಟ್ಟು, ಅಪಘಾತ ಆದಾಗ ಕ್ಲೇಮ್‌ಗಾಗಿ ಒದ್ದಾಡುವುದೂ ಇದರಿಂದ ತಪ್ಪುತ್ತದೆ.

ತೊಗರಿ ರೊಕ್ಕ ಕೈಗೆ ಬಂದಾಗ ಗಾಡಿ ನೋಡಲು ಹೋಗುವವರು ಬೆಳಗ್ಗೆಯೇ ಹೋಗಿ. ಕೀಲಿ ಕೇಳುವ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾಲೀಕ ಮೊದಲೇ ಚಾಲೂ ಮಾಡಿ ಬಿಸಿ ಮಾಡಿದ್ದಾನೆ. ಚಹಾ ಕುಡಿದು ಎದ್ದು ಬನ್ನಿ, ಮರುದಿನ ಇನ್ನೂ ಲಗೂನ ಹೋಗಿ.