ಹಕ್ಕಿಪಿಕ್ಕಿಗಳು ಯಾರು? ಹೇರ್ ಆಯಿಲ್ ವಿಡಿಯೊ ಮತ್ತು 'ಮಕ್ಕಳ ಕಳ್ಳರು' ಫಾರ್ವರ್ಡ್‌ಗಳ ನಡುವಿನ ನಿಜ

ರಾಜಾಜಿನಗರವಿರಲಿ, ಕೆಂಗೇರಿಯಿರಲಿ, ನಿಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೂ ಈ ಎರಡು ಬಗೆಯ ಸಂದೇಶ ಬಂದಿರಬಹುದು. ಒಂದು, ಮೊಣಕಾಲುದ್ದ ಕೂದಲಿನ 'ಆದಿವಾಸಿ ಹೇರ್ ಆಯಿಲ್' ವಿಡಿಯೊ. ಇನ್ನೊಂದು, 'ಊರೂರು ಸುತ್ತುವವರು ಮಕ್ಕಳನ್ನು ಕದಿಯುತ್ತಿದ್ದಾರೆ, ಎಚ್ಚರ' ಎಂಬ ಆಡಿಯೊ. ಮೊದಲನೆಯದು ಅಲೆಮಾರಿಗಳನ್ನು ಪವಾಡ ಪುರುಷರನ್ನಾಗಿ ಮಾಡುತ್ತದೆ, ಎರಡನೆಯದು ಕಳ್ಳರನ್ನಾಗಿ. ಎರಡನ್ನೂ ಬದಿಗಿಟ್ಟು ಹಕ್ಕಿಪಿಕ್ಕಿಗಳ ನಿಜವಾದ ಕಥೆಯನ್ನು ನೋಡೋಣ.

ಹೆಸರು ಬಂದದ್ದು ಹೇಗೆ?

'ಹಕ್ಕಿಪಿಕ್ಕಿ' ಎಂದರೆ ಹಕ್ಕಿ ಹಿಡಿಯುವವರು. ಇದು ಕಸುಬು ನೋಡಿ ಬೇರೆಯವರು ಇಟ್ಟ ಹೆಸರು. ಅವರು ಮನೆಯಲ್ಲಿ ಆಡುವ ವಾಗ್ರಿ ಭಾಷೆ ಗುಜರಾತಿಗೆ ಹತ್ತಿರದ್ದು. ತಮಿಳುನಾಡಿನ ನರಿಕುರವರ ಮನೆಮಾತೂ ವಾಗ್ರಿಯೇ. ಪೂರ್ವಿಕರು ಪಶ್ಚಿಮ ಭಾರತದಿಂದ ದಕ್ಷಿಣಕ್ಕೆ ಬಂದವರು ಎಂಬುದನ್ನು ಈ ಭಾಷೆಯೇ ಸೂಚಿಸುತ್ತದೆ. ತಾವು ರಾಣಾ ಪ್ರತಾಪನ ಕಾಲದವರ ವಂಶಸ್ಥರು ಎಂದು ಅವರಲ್ಲಿ ಹಲವರು ಹೇಳಿಕೊಳ್ಳುತ್ತಾರೆ. ಇದು ಸಮುದಾಯದ ನಂಬಿಕೆ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 11,900. ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದವರು.

ಬೇಟೆಯಿಂದ ಎಣ್ಣೆಗೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವುದು, ಬೇಟೆಯಾಡುವುದು ಅಪರಾಧವಾಯಿತು. ಕಾಡು ಉಳಿಯಬೇಕಿತ್ತು ನಿಜ. ಆದರೆ ಒಂದು ಸಮುದಾಯದ ಅನ್ನದ ದಾರಿಯೂ ಅದರೊಂದಿಗೆ ಮುಚ್ಚಿತು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ, ಬನ್ನೇರುಘಟ್ಟದ ಬಳಿಯ ಕಾಲೊನಿಗಳಲ್ಲಿ ಅವರು ನೆಲೆ ನಿಂತರು. ಬಣ್ಣದ ಹೂವು, ಮಣಿಸರ, ಗಿಡಮೂಲಿಕೆ ಎಣ್ಣೆಯ ವ್ಯಾಪಾರ ಹಿಡಿದರು. ಮಾರಾಟಕ್ಕಾಗಿ ಆಫ್ರಿಕಾಕ್ಕೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಲುಕಿದ್ದ ಭಾರತೀಯರಲ್ಲಿ ಇವರೂ ಇದ್ದರು.

ಹಾಗಾದರೆ ಎಣ್ಣೆ ಕೆಲಸ ಮಾಡುತ್ತದೆಯೇ?

ಕೂದಲು ಉದುರಲು ವಂಶವಾಹಿ, ಥೈರಾಯ್ಡ್, ಕಬ್ಬಿಣಾಂಶದ ಕೊರತೆ, ಹೆರಿಗೆ, ಜ್ವರ, ನೆತ್ತಿಯ ಸೋಂಕು ಹೀಗೆ ಬೇರೆ ಬೇರೆ ಕಾರಣಗಳಿವೆ. ಒಂದೇ ಎಣ್ಣೆ ಇವೆಲ್ಲಕ್ಕೂ ಮದ್ದಾಗಲಾರದು. ಎಣ್ಣೆ ಕೂದಲಿನ ಒರಟುತನ ಕಡಿಮೆ ಮಾಡಬಹುದು. ಬೋಳಾದ ಜಾಗದಲ್ಲಿ ಕೂದಲು ಬರಿಸುತ್ತದೆ ಎಂಬುದು ಬೇರೆಯೇ ಮಾತು. ಬೋಳುತಲೆ ಔಷಧ ನಿಯಮಗಳ 'ಷೆಡ್ಯೂಲ್ ಜೆ' ಪಟ್ಟಿಯಲ್ಲಿದೆ. ಆ ಪಟ್ಟಿಯ ತೊಂದರೆಗಳನ್ನು ಗುಣಪಡಿಸುತ್ತೇವೆ ಎಂದು ಯಾವ ಔಷಧವೂ ಹೇಳಿಕೊಳ್ಳುವಂತಿಲ್ಲ. ಈ ನಿಯಮ ದೊಡ್ಡ ಕಂಪನಿಗೂ ಒಂದೇ, ರಸ್ತೆ ಬದಿಯ ಬಾಟಲಿಗೂ ಒಂದೇ. ಕೊಳ್ಳುವ ಮುನ್ನ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಪದಾರ್ಥಗಳ ಪಟ್ಟಿ ನೋಡಿ. ಕೂದಲು ತುಂಬಾ ಉದುರುತ್ತಿದ್ದರೆ ಚರ್ಮರೋಗ ವೈದ್ಯರನ್ನು ಕಾಣಿ.

'ಕಳ್ಳರು' ಎಂಬ ಹಣೆಪಟ್ಟಿ

1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಕೆಲವು ಸಮುದಾಯಗಳವರು ಹುಟ್ಟಿನಿಂದಲೇ ಅಪರಾಧಿಗಳು ಎಂಬುದು ಅದರ ತರ್ಕ. ಹಲವು ಅಲೆಮಾರಿ ಗುಂಪುಗಳು ಆ ಪಟ್ಟಿಗೆ ಸೇರಿದವು. 1952ರಲ್ಲಿ ಕಾಯ್ದೆ ರದ್ದಾಯಿತು, ಅನುಮಾನ ಮಾತ್ರ ಅಲೆಮಾರಿಗಳೆಲ್ಲರ ಮೇಲೆ ಉಳಿಯಿತು. ಮೊಬೈಲ್ ಬಂದ ಮೇಲೆ ಅದಕ್ಕೆ ವೇಗವೂ ಸಿಕ್ಕಿತು. 2018ರ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲೇ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪು ಹೊಡೆದು ಕೊಂದಿತು. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಇದೇ ವದಂತಿಗೆ ಬಲಿಯಾದರು. ಆ ತಿಂಗಳಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು.

ಬೇರೆ ದೇಶಗಳಲ್ಲಿ?

ಉತ್ತರ ಯುರೋಪಿನಲ್ಲಿ ಹಿಮಸಾರಂಗ ಸಾಕುವ ಸಾಮಿ ಜನರಿಗೂ 'ಲ್ಯಾಪ್' ಎಂಬ ಹೆಸರನ್ನು ಹೊರಗಿನವರು ಅಂಟಿಸಿದ್ದರು. ಇಂದು ಅದನ್ನು ಅವಮಾನವೆಂದೇ ಪರಿಗಣಿಸಲಾಗುತ್ತದೆ. ನಾರ್ವೆಯ ಶಾಲೆಗಳಲ್ಲಿ ಅವರ ಭಾಷೆಯನ್ನು ದಶಕಗಳ ಕಾಲ ಹತ್ತಿಕ್ಕಲಾಯಿತು. 1989ರಲ್ಲಿ ಅಲ್ಲಿ ಸಾಮಿ ಸಂಸತ್ತು ಆರಂಭವಾಯಿತು; 1997ರಲ್ಲಿ ನಾರ್ವೆಯ ದೊರೆ ಕ್ಷಮೆ ಕೇಳಿದರು. ವಾಗ್ರಿ ಆಡುವ ನಮ್ಮ ಮಕ್ಕಳು ಕನ್ನಡ ಶಾಲೆಗೆ ಬಂದಾಗ ಅವರ ಮಾತಿಗೆ ಎಷ್ಟು ಜಾಗ ಸಿಗುತ್ತದೆ ಎಂದು ನಾವೂ ಕೇಳಿಕೊಳ್ಳಬೇಕು.

ನೀವು ಏನು ಮಾಡಬಹುದು?

ಊರು, ದಿನಾಂಕ, ಠಾಣೆಯ ಹೆಸರಿಲ್ಲದ 'ಮಕ್ಕಳ ಕಳ್ಳರು' ಸಂದೇಶವನ್ನು ಯಾರಿಗೂ ಕಳಿಸಬೇಡಿ. ನಿಜಕ್ಕೂ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಜನ ಸೇರಿಸಬೇಡಿ. ಎಣ್ಣೆಯ ವಿಡಿಯೊ ಫಾರ್ವರ್ಡ್ ಮಾಡಿದರೆ ಹೆಚ್ಚೆಂದರೆ ಹಣ ಹಾಳಾದೀತು; ವದಂತಿ ಫಾರ್ವರ್ಡ್ ಮಾಡಿದರೆ ಜೀವ ಹೋದೀತು.