ಪ್ಲಾಸ್ಮಾ ತೆರೆಯೂ ಒಡೆಯರ ಮಾತೂ

ವಸ್ತುವಿನ ಗುಣವನ್ನು ಅದನ್ನು ಬಳಸಿದವರನ್ನೇ ಕೇಳಿ ತಿಳಿಯಬೇಕೆಂಬುದು ಲೋಕರೂಢಿ. ಎತ್ತು ಕೊಳ್ಳುವವನು ಅದನ್ನು ಉಳುಮೆಗೆ ಹೂಡಿದವನನ್ನು ವಿಚಾರಿಸುತ್ತಾನೆ. ಬಾವಿಯ ನೀರಿನ ರುಚಿಯನ್ನು ನಿತ್ಯ ಸೇದುವವರು ಹೇಳಬೇಕು. ಆದರೆ ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯನ್ನು ಕಟ್ಟಿದವರೂ ನಮ್ಮ ಹಿರಿಯರೇ. ಈ ಎರಡರ ನಡುವೆ ಸತ್ಯವು ಎಲ್ಲಿ ನಿಂತಿದೆಯೆಂಬುದನ್ನು ಈ ತಿಂಗಳು ಪ್ಲಾಸ್ಮಾ ಟೆಲಿವಿಷನ್ನಿನ ನಿದರ್ಶನದಿಂದ ಪರಿಶೀಲಿಸೋಣ.

ಇದಕ್ಕೆ ನಿಮಿತ್ತವಾದುದು ಕಾಸರಗೋಡು ಕಡೆಯ ಸೋದರಿಯೊಬ್ಬರ ಪತ್ರ. ಅವರ ಮಾವನವರು ಕೊಲ್ಲಿಯ ನಾಡಿನಲ್ಲಿ ವರ್ಷಾನುಗಟ್ಟಲೆ ದುಡಿದು ಊರಿಗೆ ಮರಳುವಾಗ ತಂದ 50 ಇಂಚಿನ, ಬಲು ಬೆಲೆಯ ಪ್ಲಾಸ್ಮಾ ಟಿ.ವಿ. ಚಾವಡಿಯಲ್ಲಿದೆ. ಇದರಂಥ ಚಿತ್ರ ಇಂದಿನ ಯಾವ ಟಿ.ವಿ.ಯಲ್ಲಿಯೂ ಇಲ್ಲವೆಂಬುದು ಮಾವನವರ ಖಚಿತ ಅಭಿಪ್ರಾಯ. ಕರೆಂಟು ನುಂಗುವ ಈ ಗಾಜಿನ ಬಂಡೆಯನ್ನು ಗುಜರಿಗೆ ಹಾಕಿ ಹೊಸದನ್ನು ತರೋಣವೆಂಬುದು ಅವರ ಯಜಮಾನರ ಹಟ. ಈ ವಿಷಯವಾಗಿ ತಂದೆ ಮಕ್ಕಳಲ್ಲಿ ಮಾತು ನಿಂತು ವಾರಗಳೇ ಕಳೆದಿವೆಯಂತೆ. “ಯಾರ ಮಾತು ಸರಿ, ಮಾಸ್ತರರೇ?” ಎಂದು ಸೋದರಿ ಕೇಳಿದ್ದಾರೆ. ಒಂದು ಮನೆಯ ನೆಮ್ಮದಿಯೂ ಒಂದಷ್ಟು ಹಣವೂ ಪಣಕ್ಕೆ ಬಿದ್ದಿರುವಾಗ ಹಾರಿಕೆಯ ಉತ್ತರ ಕೊಡುವುದು ತರವಲ್ಲ.

ಮೊದಲು ಈ ಯಂತ್ರದ ಹುಟ್ಟನ್ನು ತಿಳಿಯೋಣ. ಪ್ಲಾಸ್ಮಾ ತೆರೆ ಹುಟ್ಟಿದ್ದು ಸಿನಿಮಾ ತೋರಿಸುವುದಕ್ಕಲ್ಲ, ಪಾಠ ಹೇಳುವುದಕ್ಕೆ! ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಪ್ಲೇಟೋ’ ಎಂಬ ಹೆಸರಿನ ಬೋಧಕ ಗಣಕಯಂತ್ರವೊಂದಿತ್ತು. ಅದರ ಮುಂದೆ ಕುಳಿತ ವಿದ್ಯಾರ್ಥಿಗೆ ಅಕ್ಷರವೂ ಚಿತ್ರವೂ ಸ್ಥಿರವಾಗಿ ಕಾಣಬೇಕೆಂದು ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಎಂಬ ಮೂವರು 1964ರಲ್ಲಿ ಈ ತೆರೆಯನ್ನು ರೂಪಿಸಿದರು. ಆ ತೆರೆಗಳಿಗಿದ್ದುದು ನಿಯಾನ್ ದೀಪದ ಕಿತ್ತಳೆ ಬಣ್ಣವೊಂದೇ. ಬಣ್ಣಬಣ್ಣದ ಚಿತ್ರ ತೋರಿಸುವ ದೊಡ್ಡ ತೆರೆಗಳು ಮನೆಗಳಿಗೆ ಬರಲು 1990ರ ದಶಕದ ಕೊನೆಯವರೆಗೂ ಕಾಯಬೇಕಾಯಿತು. ಅಧ್ಯಾಪಕರ ಅಗತ್ಯದಿಂದ ಹುಟ್ಟಿದ ವಸ್ತುವು ಕಡೆಗೆ ಸಿರಿವಂತರ ಚಾವಡಿಯ ಅಲಂಕಾರವಾದುದು ಕಾಲದ ಒಂದು ಲೀಲೆ.

ಅದು ಕೆಲಸ ಮಾಡುವ ಬಗೆ ನಮ್ಮ ಮನೆಯ ಟ್ಯೂಬ್‌ಲೈಟಿನ ಬಗೆಯೇ. ಎರಡು ಗಾಜಿನ ಹಲಗೆಗಳ ನಡುವೆ ಲಕ್ಷಾಂತರ ಪುಟ್ಟ ಕೋಶಗಳು. ಅವುಗಳೊಳಗೆ ನಿಯಾನ್ ಮತ್ತು ಕ್ಸೆನಾನ್ ಅನಿಲಗಳು. ವಿದ್ಯುತ್ತು ಹಾಯ್ದಾಗ ಅನಿಲವು ಪ್ಲಾಸ್ಮಾ ಎಂಬ ಸ್ಥಿತಿಯನ್ನು ತಾಳಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೊಮ್ಮಿಸುತ್ತದೆ. ಕೋಶದ ಒಳಮೈಗೆ ಬಳಿದ ರಂಜಕದ ಲೇಪವು ಆ ಕಿರಣ ತಾಗಿದೊಡನೆ ಕೆಂಪಾಗಿಯೋ ಹಸುರಾಗಿಯೋ ನೀಲಿಯಾಗಿಯೋ ಬೆಳಗುತ್ತದೆ. ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳಿರುವ ತೆರೆಯಲ್ಲಿ ಒಟ್ಟು ಚುಕ್ಕಿಗಳು 20 ಲಕ್ಷಕ್ಕೆ ಮಿಕ್ಕಿವೆ. ಚುಕ್ಕಿಗೆ ಮೂರರಂತೆ ಕೋಶಗಳು 62 ಲಕ್ಷಕ್ಕೂ ಹೆಚ್ಚು. ಪ್ರತಿಯೊಂದು ಕೋಶವೂ ಸ್ವಯಂಪ್ರಕಾಶವುಳ್ಳದ್ದು ಎಂಬುದೇ ಇಲ್ಲಿಯ ಮುಖ್ಯ ಮಾತು. ಎಲ್.ಸಿ.ಡಿ. ತೆರೆಯಲ್ಲಿ ಹಾಗಲ್ಲ. ಅಲ್ಲಿ ಹಿಂಬದಿಯಲ್ಲಿ ದೀಪ ಉರಿಯುತ್ತಿರುತ್ತದೆ, ಮುಂದಿರುವ ದ್ರವಸ್ಫಟಿಕದ ಕಿಂಡಿಗಳು ತೆರೆದು ಮುಚ್ಚಿ ಬೆಳಕನ್ನು ಬಿಡುತ್ತವೆ, ತಡೆಯುತ್ತವೆ. ಕಿಂಡಿ ಎಷ್ಟೇ ಮುಚ್ಚಿದರೂ ಒಂದಿಷ್ಟು ಬೆಳಕು ಸೋರುತ್ತದೆ, ಕಪ್ಪಾಗಿರಬೇಕಾದುದು ಬೂದಿಬಣ್ಣವಾಗುತ್ತದೆ.

ಕಪ್ಪಿಗೆ ಏಕೆ ಇಷ್ಟು ಪ್ರಾಶಸ್ತ್ಯ? ಕರಿಹಲಗೆಯ ಮುಂದೆ ಮೂವತ್ತು ವರ್ಷ ನಿಂತ ನಮಗೆ ಇದನ್ನು ವಿವರಿಸಲು ಪುಸ್ತಕ ಬೇಡ. ಹಲಗೆಗೆ ಹೊಸದಾಗಿ ಕಪ್ಪು ಬಳಿದಾಗ ಸಣ್ಣ ಸೀಮೆಸುಣ್ಣದ ಗೆರೆಯೂ ಕಡೆಯ ಬೆಂಚಿನ ಹುಡುಗನಿಗೆ ಕಾಣುತ್ತದೆ. ಹಲಗೆ ಮಾಸಿದರೆ ಎಷ್ಟು ಒತ್ತಿ ಬರೆದರೂ ಅಕ್ಷರ ಮಂಕೇ. ಬಿಳುಪಿನ ಬೆಲೆಯನ್ನು ನಿಶ್ಚಯಿಸುವುದು ಅದರ ಹಿಂದಿರುವ ಕಪ್ಪು. ಜಪಾನಿನ ಪಯೋನೀರ್ ಸಂಸ್ಥೆಯು 2007ರಲ್ಲಿ ತನ್ನ ಅತ್ಯುತ್ತಮ ತೆರೆಗಳಿಗೆ ‘ಕುರೋ’ ಎಂದು ಹೆಸರಿಟ್ಟುದು ಇದಕ್ಕಾಗಿಯೇ. ಜಪಾನೀ ಭಾಷೆಯಲ್ಲಿ ಕುರೋ ಎಂದರೆ ಕಪ್ಪು.

ಇನ್ನು ಒಡೆಯರ ಮಾತಿಗೆ ಬರೋಣ. ಕುರೋ ತೆರೆಯನ್ನೋ 2013ರಲ್ಲಿ ಪ್ಯಾನಾಸೋನಿಕ್ ಹೊರತಂದ ವಿ.ಟಿ. 60, ಜೆಡ್.ಟಿ. 60 ಮಾದರಿಗಳನ್ನೋ ಕೊಂಡವರ ಹೊಗಳಿಕೆಯಲ್ಲಿ ನಾಲ್ಕು ಅಂಶಗಳು ಮತ್ತೆ ಮತ್ತೆ ಬರುತ್ತವೆ. ಒಂದು, ದೀಪ ಆರಿಸಿದ ಕೋಣೆಯಲ್ಲಿ ಕಪ್ಪಿನ ಆಳ. ಎರಡು, ಓಡುವ ಚೆಂಡು, ಹಾರುವ ಹಕ್ಕಿ ಮೊದಲಾದ ಚಲನೆಯಲ್ಲಿ ಚಿತ್ರ ಕಲಸಿಹೋಗದಿರುವುದು. ಮೂರು, ಕೋಣೆಯ ಮೂಲೆಯಲ್ಲಿ ಕುಳಿತವನಿಗೂ ನಡುವೆ ಕುಳಿತವನಿಗೂ ಬಣ್ಣ ಒಂದೇ ಆಗಿ ತೋರುವುದು. ನಾಲ್ಕು, ಮುಖದ ಮೈಬಣ್ಣದ ಸಹಜತೆ. ಇವು ಬರಿಯ ಅಭಿಮಾನದ ಮಾತುಗಳಲ್ಲ. ಆಯಾ ಕಾಲದ ಎಲ್.ಸಿ.ಡಿ. ತೆರೆಗಳ ಮಗ್ಗುಲಲ್ಲಿಟ್ಟಾಗ ಈ ಗುಣಗಳು ನಿಜಕ್ಕೂ ಮೇಲಾಗಿದ್ದವು, ಮತ್ತು ಅವುಗಳ ಕಾರಣ ಮೇಲೆ ಹೇಳಿದ ರಚನೆಯಲ್ಲಿಯೇ ಇದೆ. ನಮ್ಮವರಿಗೆ ತಿಳಿಯುವಂತೆ ಹೇಳುವುದಾದರೆ, ಇರುಳಿನ ಯಕ್ಷಗಾನದ ಚಿತ್ರೀಕರಣವನ್ನು ಇಂಥ ತೆರೆಯಲ್ಲಿ ನೋಡಬೇಕು. ರಂಗದ ಹಿಂದಿನ ಕತ್ತಲು ಕತ್ತಲಾಗಿಯೇ ಉಳಿದು, ಬಣ್ಣದ ವೇಷದ ಕಿರೀಟದ ಮಿನುಗು ಬೇರೆಯಾಗಿ ಎದ್ದು ನಿಲ್ಲುತ್ತದೆ.

ಆದರೆ ಅದೇ ಒಡೆಯರು ತಗ್ಗಿದ ದನಿಯಲ್ಲಿ ಹೇಳುವ ಮಾತುಗಳೂ ಇವೆ. ಹಗಲಿನಲ್ಲಿ ಕಿಟಕಿ ತೆರೆದಿದ್ದರೆ ಚಿತ್ರ ಮಂಕು. ಮುಂದಿನ ಗಾಜಿನಲ್ಲಿ ಚಿತ್ರಕ್ಕಿಂತ ನಮ್ಮ ಮುಖವೇ ಹೆಚ್ಚು ಕಾಣುತ್ತದೆ. ಮೈ ಬಿಸಿಯಾಗುತ್ತದೆ. ಭಾರ ಬಹಳ, ಸಾಗಿಸುವಾಗ ಮಲಗಿಸದೆ ನಿಲ್ಲಿಸಿಯೇ ಒಯ್ಯಬೇಕು. ಬಿಳಿಯ ಚಿತ್ರ ತೆರೆಯ ತುಂಬ ಬಂದಾಗ ಸಣ್ಣ ಗುಂಯ್‌ಗುಡುವ ಸದ್ದು ಕೇಳುವುದುಂಟು. ಗಾಳಿಯ ಒತ್ತಡ ಕಡಿಮೆಯಿರುವ ಎತ್ತರದ ಊರುಗಳಲ್ಲಿ ಈ ಸದ್ದು ಹೆಚ್ಚೆಂಬುದನ್ನು ನೀಲಗಿರಿಯ ವಾಚಕರು ಗಮನಿಸಬೇಕು. ಎಲ್ಲಕ್ಕಿಂತ ದೊಡ್ಡ ದೂರು ‘ಅಚ್ಚು ಬೀಳುವ’ ದೋಷ. ವಾರ್ತಾವಾಹಿನಿಯ ಮೂಲೆಯ ಲಾಂಛನವೋ ಅಡಿಯಲ್ಲಿನ ಪಟ್ಟಿಯೋ ದಿನವಿಡೀ ಒಂದೇ ಕಡೆ ನಿಂತರೆ, ಅಲ್ಲಿಯ ಲೇಪವು ಉಳಿದ ಭಾಗಕ್ಕಿಂತ ಬೇಗ ಸವೆದು ನೆರಳಿನಂಥ ಗುರುತು ಶಾಶ್ವತವಾಗಿ ಉಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮಾಸಿಹೋಗುವ ನೆರಳು ಬೇರೆ, ಈ ಗುರುತು ಬೇರೆ.

ಕರೆಂಟಿನ ಲೆಕ್ಕವನ್ನೂ ಮಾಡಿಬಿಡೋಣ. ಪ್ಲಾಸ್ಮಾ ತೆರೆಯು ಬೆಳಗುವ ಚಿತ್ರಕ್ಕೆ ಹೆಚ್ಚು, ಕತ್ತಲ ಚಿತ್ರಕ್ಕೆ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ. ಸರಾಸರಿ 300 ವಾಟ್ ಎಂದಿಟ್ಟುಕೊಂಡು ದಿನಕ್ಕೆ 5 ಗಂಟೆ ನೋಡಿದರೆ ಒಂದೂವರೆ ಯೂನಿಟ್ಟು. ತಿಂಗಳಿಗೆ 45 ಯೂನಿಟ್ಟು. ಅದೇ ಅಳತೆಯ ಇಂದಿನ ಎಲ್.ಇ.ಡಿ. ಟಿ.ವಿ.ಗೆ 100 ವಾಟ್ ಎಂದು ಹಿಡಿದರೆ ತಿಂಗಳಿಗೆ 15 ಯೂನಿಟ್ಟು. ವ್ಯತ್ಯಾಸ 30 ಯೂನಿಟ್ಟು. ಬಳಕೆ ಏರಿದಂತೆ ದರವೂ ಏರುವ ಪದ್ಧತಿಯಲ್ಲಿ ಇದು ಅಲ್ಪವಲ್ಲ. ಆದರೆ ಹೊಸ ಟಿ.ವಿ.ಯ ಬೆಲೆಯನ್ನು ಈ ಉಳಿತಾಯದಿಂದಲೇ ತೀರಿಸುವುದಾದರೆ ಹಲವು ವರ್ಷಗಳು ಬೇಕು. ಯಂತ್ರದ ಬೆನ್ನಿನ ಮೇಲೆ ವಾಟ್ ಬರೆದಿರುತ್ತದೆ. ಅದನ್ನು ಅತಿ ಹೆಚ್ಚಿನ ಬಳಕೆಯೆಂದು ತಿಳಿದು, ಮನೆಯ ಮಕ್ಕಳಿಂದಲೇ ಈ ಗಣಿತವನ್ನು ಮಾಡಿಸಬಹುದು.

ಒಡೆಯರ ಅಭಿಪ್ರಾಯವನ್ನು ತೂಗುವಾಗ ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ದುಬಾರಿ ಬೆಲೆ ತೆತ್ತವನಿಗೆ ತಾನು ಮೋಸಹೋಗಿಲ್ಲವೆಂದು ತನಗೇ ಹೇಳಿಕೊಳ್ಳುವ ಅವಶ್ಯಕತೆ ಇರುತ್ತದೆ. ಎರಡನೆಯದು, ಇಂದು ಪ್ಲಾಸ್ಮಾವನ್ನು ಹೊಗಳುವವರು ಯಾರ ಯಂತ್ರ ಈವರೆಗೆ ಬಾಳಿತೋ ಅವರು. ಕೆಟ್ಟುಹೋದ ಯಂತ್ರದ ಒಡೆಯರು ಎಂದೋ ಬೇರೆ ಕೊಂಡು ಸುಮ್ಮನಾಗಿದ್ದಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನೇ ಕೇಳಿ ಪ್ರಶ್ನೆಪತ್ರಿಕೆ ಸುಲಭವಾಗಿತ್ತೆಂದು ನಿರ್ಣಯಿಸುವುದು ನ್ಯಾಯವಲ್ಲ. ಮೂರನೆಯದು, ಹೋಲಿಕೆ ಯಾವುದರೊಡನೆ ಎಂಬುದು. 2008ರ ಎಲ್.ಸಿ.ಡಿ.ಯೊಡನೆ ಹೋಲಿಸಿ ಆಡಿದ ಮಾತನ್ನು ಇಂದಿನ ಒ.ಎಲ್.ಇ.ಡಿ.ಗೆ ಅನ್ವಯಿಸಲಾಗದು. ಒ.ಎಲ್.ಇ.ಡಿ. ತೆರೆಯಲ್ಲಿಯೂ ಪ್ರತಿಯೊಂದು ಚುಕ್ಕಿ ತಾನೇ ಬೆಳಗುತ್ತದೆ. ಮೇಲಾಗಿ ಪೂರ್ತಿಯಾಗಿ ಆರಬಲ್ಲದು. ಪ್ಲಾಸ್ಮಾ ಕೋಶವಾದರೋ ಸಿದ್ಧವಾಗಿರಲು ಒಂದಿಷ್ಟು ಮಿನುಗುತ್ತಲೇ ಇರಬೇಕಾಗುತ್ತದೆ. ಹಾಗಾಗಿ ಕಪ್ಪಿನ ಕಿರೀಟ ಈಗ ಒ.ಎಲ್.ಇ.ಡಿ.ಯ ತಲೆಯ ಮೇಲಿದೆ. ಆದರೆ ಅಚ್ಚು ಬೀಳುವ ಭಯ ಅದಕ್ಕೂ ತಪ್ಪಿಲ್ಲ, ಬೆಲೆಯೂ ಸಾಮಾನ್ಯ ಎಲ್.ಇ.ಡಿ.ಗಿಂತ ಬಹಳ ಹೆಚ್ಚು. ಅಗ್ಗದ ಎಲ್.ಇ.ಡಿ. ತೆರೆಯ ಕಪ್ಪು ಇಂದಿಗೂ ಬೂದಿಯೇ. ಮಾವನವರ ಮಾತು ಅದಕ್ಕೆ ಸಂಪೂರ್ಣ ಅನ್ವಯಿಸುತ್ತದೆ.

ಇಷ್ಟು ಒಳ್ಳೆಯ ಚಿತ್ರ ಕೊಟ್ಟರೂ ಪ್ಲಾಸ್ಮಾ ಏಕೆ ಅಳಿಯಿತೆಂದು ಕೆಲವರು ಕೇಳುತ್ತಾರೆ. ಅಂಗಡಿಯ ಝಗಝಗಿಸುವ ದೀಪಗಳ ಕೆಳಗೆ ಕಪ್ಪಿನ ಆಳ ಯಾರಿಗೂ ಕಾಣಲಿಲ್ಲ. ಹೆಚ್ಚು ಹೊಳೆಯುವ, ತೆಳ್ಳಗಿನ, ಅಗ್ಗದ ಎಲ್.ಸಿ.ಡಿ.ಗೇ ಗಿರಾಕಿಗಳು ಒಲಿದರು. ಚುಕ್ಕಿಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಹೆಚ್ಚಿಸಿ ಮನೆಯ ಅಳತೆಗೆ ಇಳಿಸುವುದು ಪ್ಲಾಸ್ಮಾ ಕೋಶಗಳಿಗೆ ಕಷ್ಟವಾಯಿತು. ಪಯೋನೀರ್ 2009ರಲ್ಲಿ ಟಿ.ವಿ. ವ್ಯವಹಾರವನ್ನು ಬಿಡುವುದಾಗಿ ಘೋಷಿಸಿತು. ಪ್ಯಾನಾಸೋನಿಕ್ 2013ರ ಕೊನೆಗೆ ತಯಾರಿಕೆ ನಿಲ್ಲಿಸಿತು; ಸ್ಯಾಮ್‌ಸಂಗ್, ಎಲ್.ಜಿ. 2014ರಲ್ಲಿ ಕೈಬಿಟ್ಟವು. ಸಂತೆಯಲ್ಲಿ ಗೆದ್ದುದೆಲ್ಲ ಮೇಲಾದುದಲ್ಲ, ಸೋತುದೆಲ್ಲ ಕೀಳಲ್ಲ.

ಈಗ ಸೋದರಿಯ ಪ್ರಶ್ನೆಗೆ ನಮ್ಮ ಉತ್ತರ. ಚಿತ್ರದ ವಿಷಯದಲ್ಲಿ ಮಾವನವರ ಮಾತು ಬಹುಪಾಲು ಸರಿ, ಖರ್ಚಿನ ವಿಷಯದಲ್ಲಿ ಯಜಮಾನರ ಮಾತು ಸರಿ. ಇಬ್ಬರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವುದರಿಂದಲೇ ಜಗಳ ತೀರುತ್ತಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಡಿ. ಒಂದು ರಾತ್ರಿ ದೀಪ ಆರಿಸಿ ಎಲ್ಲರೂ ಕುಳಿತು ನೋಡಿ: ಮೊದಲು ಇರುಳಿನ ದೃಶ್ಯ, ಆಮೇಲೆ ಕ್ರಿಕೆಟ್ಟು, ಕಡೆಗೆ ತೆರೆಯ ತುಂಬ ಒಂದೇ ಬಣ್ಣದ ಚಿತ್ರ. ಅದರಲ್ಲಿ ಅಚ್ಚಿನ ಗುರುತಿಲ್ಲವಾದರೆ ಯಂತ್ರಕ್ಕೆ ಇನ್ನೂ ಆಯುಸ್ಸಿದೆಯೆಂದು ತಿಳಿಯಿರಿ. ಹಗಲಿನ ವಾರ್ತೆಗೆ ಅದನ್ನು ಹಚ್ಚದಿರಿ. ಸಂಜೆಯ ಎರಡು ಗಂಟೆಗೆ ಮೀಸಲಿಡಿ. ಹಾಗೆ ಮಾಡಿದರೆ 45 ಯೂನಿಟ್ಟು 18ಕ್ಕೆ ಇಳಿಯುತ್ತದೆ. ಪ್ರಕಾಶವನ್ನು ಅತಿಯಾಗಿ ಏರಿಸಬೇಡಿ, ಹಿಂಬದಿಗೆ ಗಾಳಿಯಾಡಲಿ, ವೋಲ್ಟೇಜು ಏರಿಳಿಯುವ ಊರಾದರೆ ಸ್ಟೆಬಿಲೈಜರ್ ಇರಲಿ.

ಒಂದು ಎಚ್ಚರಿಕೆಯನ್ನು ಮಾವನವರಿಗೂ ಹೇಳಬೇಕು. ತೆರೆಯ ಬಾಳು 1,00,000 ಗಂಟೆಯೆಂದು ಪ್ಯಾನಾಸೋನಿಕ್‌ನಂಥ ತಯಾರಕರು ಹೇಳಿಕೊಂಡಿದ್ದು ನಿಜ. ಆದರೆ ಅದಕ್ಕೆ ಮುಂಚೆಯೇ ಒಳಗಿನ ವಿದ್ಯುತ್ ಹಲಗೆಗಳು ಕೆಡಬಹುದು. ತಯಾರಿಕೆ ನಿಂತು ಹತ್ತು ವರ್ಷ ಮೀರಿರುವುದರಿಂದ ಬಿಡಿಭಾಗ ಸಿಗುವುದು ದುರ್ಲಭ. ಸಣ್ಣ ರಿಪೇರಿಯಾದರೆ ಮಾಡಿಸಿ; ಹೊಸ ಟಿ.ವಿ.ಯ ಬೆಲೆಯ ಕಾಲುಭಾಗ ಮೀರಿತೆಂದಾದರೆ ಕೈಮುಗಿದು ಬೀಳ್ಕೊಡಿ. ಇತರ ವಾಚಕರಿಗೂ ನಮ್ಮ ಸಲಹೆ ಇದೇ: ಯಾರಾದರೂ ಹಳೆಯ ಪ್ಲಾಸ್ಮಾವನ್ನು ಹಾಡಿಹೊಗಳಿ ಮಾರಲು ಬಂದರೆ, ಹೊಗಳಿಕೆಯನ್ನು ಸುಳ್ಳೆನ್ನಬೇಡಿ, ಹಣವನ್ನೂ ಕೊಡಬೇಡಿ.

ತಂದೆಯವರು ಆ ತೆರೆಯನ್ನು ಹೊಗಳುವಾಗ ಮರಳುನಾಡಿನಲ್ಲಿ ಕಳೆದ ತಮ್ಮ ವರ್ಷಗಳ ಬೆಲೆಯನ್ನೂ ಹೇಳುತ್ತಿದ್ದಾರೆಂದು ಮಗನಿಗೆ ತಿಳಿಯಲಿ. ಬಿಲ್ಲಿನ ಮಾತೆತ್ತುವ ಮಗ ಇಂದು ಮನೆಯ ಭಾರ ಹೊತ್ತವನೆಂದು ತಂದೆಗೂ ತಿಳಿಯಲಿ. ಇಷ್ಟಾದರೆ ಯಾವ ತೆರೆ ಚಾವಡಿಯಲ್ಲಿದ್ದರೂ ಅದರ ಮುಂದೆ ಮನೆಮಂದಿ ಒಟ್ಟಿಗೆ ಕುಳಿತುಕೊಂಡಾರು.