ವಿತ್ತವೂ ವಿದ್ಯೆಯೂ

ವಿದ್ಯೆಯಿಂದ ವಿತ್ತ ಬರುವುದೆಂಬ ಮಾತಿಗೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಿಗಿಂತ ಪ್ರತ್ಯಕ್ಷವಾದ ನಿದರ್ಶನ ನಮ್ಮ ನಾಡಿನಲ್ಲಿ ದೊರೆಯಲಾರದು. ಆದರೆ ಬಂದ ವಿತ್ತ ಯಾರದು? ಈ ಪ್ರಶ್ನೆಗೆ ಇಸ್ಲಾಂ ಧರ್ಮವು ಕೊಡುವ ಉತ್ತರ ಮನನಯೋಗ್ಯವಾದುದು.

ಕುರ್‌ಆನಿನ 28ನೆಯ ಅಧ್ಯಾಯದಲ್ಲಿ ಕಾರೂನನೆಂಬ ಸಿರಿವಂತನ ಕಥೆಯಿದೆ. ಅವನ ಭಂಡಾರದ ಬೀಗದ ಕೈಗಳನ್ನು ಹೊರುವುದೇ ಬಲಶಾಲಿಗಳ ಗುಂಪಿಗೆ ಭಾರವಾಗಿತ್ತಂತೆ. ಆ ಸಂಪತ್ತೆಲ್ಲ ತನ್ನ ಜ್ಞಾನದ ಫಲವೆಂದು ಬೀಗಿದ ಅವನನ್ನು ಭೂಮಿಯು ಮನೆಸಮೇತ ನುಂಗಿತು. ಧನಿಕನಾದುದು ಅವನ ದೋಷವಲ್ಲ. ಪ್ರವಾದಿ ಮುಹಮ್ಮದರೂ ವ್ಯಾಪಾರ ಮಾಡಿದವರೇ. ದೇವರು ನ್ಯಾಸವಾಗಿ ಒಪ್ಪಿಸಿದ್ದನ್ನು ತನ್ನದೆಂದುಕೊಂಡದ್ದೇ ದೋಷ. ಆದುದರಿಂದಲೇ ಉಳ್ಳವರು ವರ್ಷದ ಉಳಿತಾಯದಲ್ಲಿ ನಲವತ್ತರಲ್ಲೊಂದು ಪಾಲನ್ನು ಝಕಾತ್ ಆಗಿ ಕೊಡಬೇಕು. ಅದು ಬಡವರ ಹಕ್ಕು, ಭಿಕ್ಷೆಯಲ್ಲ. ಜ್ಞಾನವನ್ನು ಹೆಚ್ಚಿಸೆಂದು ದೇವರನ್ನು ಬೇಡಲು ಕಲಿಸುವುದೂ ಅದೇ ಗ್ರಂಥ. ಆ ಜ್ಞಾನ ಸಂಪಾದನೆಯ ಉಪಾಯವಷ್ಟೇ ಅಲ್ಲ, ಸಂಪಾದಿಸಿದ್ದು ಏತಕ್ಕೆಂಬ ಅರಿವು.

ವಿಪ್ರೋದ ಅಜೀಂ ಪ್ರೇಮ್‌ಜಿಯವರು 2019ರ ವೇಳೆಗೆ ಲೋಕಹಿತಕ್ಕೆ ಮುಡಿಪಿಟ್ಟ ಆಸ್ತಿಯ ಮೌಲ್ಯ ಸುಮಾರು 1,45,000 ಕೋಟಿ ರೂಪಾಯಿ. ಸರ್ಜಾಪುರದ ಬಳಿಯ ವಿಶ್ವವಿದ್ಯಾಲಯವೂ ಸರ್ಕಾರಿ ಶಾಲೆಗಳ ಉಪಾಧ್ಯಾಯರೊಡನೆ ನಡೆದಿರುವ ಕೆಲಸವೂ ಅದರಿಂದ ಪೋಷಿತವಾಗಿವೆ. ಅವರು ತಮ್ಮ ಪ್ರೇರಣೆಯಾಗಿ ಹೇಳಿಕೊಂಡಿರುವುದು ಗಾಂಧೀಜಿಯವರ ಧರ್ಮದರ್ಶಿತ್ವವನ್ನು. ಧನಿಕನು ಧನದ ಪಾಲಕನೇ ಹೊರತು ಒಡೆಯನಲ್ಲವೆಂಬ ಆ ತತ್ತ್ವವೂ ಕಾರೂನನ ಕಥೆಯ ನೀತಿಯೂ ಒಂದೆಡೆ ಕೂಡುತ್ತವೆ.

ಕೋಟಿಗಳ ದಾನ ಕೋಟ್ಯಧೀಶರಿಗಿರಲಿ. ನಲವತ್ತರಲ್ಲೊಂದರ ಲೆಕ್ಕ ತಿಂಗಳ ಸಂಬಳದವರಿಗೂ ನಿಲುಕುವಂಥದು. ತನ್ನ ಜಾಣ್ಮೆಯಿಂದಲೇ ಎಲ್ಲವೂ ಬಂತೆನ್ನುವವನು, ಅಕ್ಷರ ಕಲಿಸಿದ ಉಪಾಧ್ಯಾಯನನ್ನೂ ಶಾಲೆ ಕಟ್ಟಿಸಿದ ಸಮಾಜವನ್ನೂ ಮರೆತವನು. ಗಾಜಿನ ಸೌಧಗಳನ್ನು ಕಟ್ಟಿದ ಕೂಲಿಕಾರರ ಮಕ್ಕಳಿಗೂ ಅದೇ ಅಕ್ಷರ ದೊರೆಯುವಂತೆ ಮಾಡುವುದು ಆ ಋಣವನ್ನು ತೀರಿಸುವ ಮೊದಲ ಕಂತು.